ಕಾದಂಬರಿ ಮುಗಿಸಲು ಹದಿನೈದು ದಿನ ರಜೆ ಹಾಕಲಾ?

ಎರಡು ವರ್ಷದಿಂದ ಕಾದಂಬರಿ ಅರ್ಧಕ್ಕೆ ನಿಂತಿದೆ, ಕೆಲಸ ಮತ್ತು ಮನೆಯ ಗಡಿಬಿಡಿಯಲ್ಲಿ ತಲೆ ಓಡುವುದೇ ಇಲ್ಲ, ಹದಿನೈದು ದಿನ ರಜೆ ಹಾಕಿ ಮುಗಿಸಿಬಿಡಲಾ ಅಂತ ಕೇಳಿದ್ದೀರಿ. ರಜೆ ಖಂಡಿತ ಹಾಕಿ. ಆದರೆ ಕಾದಂಬರಿ ಮುಗಿಸುತ್ತೇನೆ ಅಂತ ಹಾಕಬೇಡಿ.

ನಾನು ಹಾಗೆ ಮಾಡಿ ನೋಡಿದ್ದೇನೆ. ಆಗ ಬರೆಯುತ್ತಿದ್ದ ಕಥೆಯಲ್ಲಿ ಅಕ್ಕನಿಗೆ ತಮ್ಮನ ಪತ್ರ ಬರುತ್ತದೆ, ಅವಳು ಅದನ್ನು ಒಡೆಯುವುದೇ ಇಲ್ಲ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ, ಕಥೆ ಅಲ್ಲೇ ನಿಂತಿತ್ತು. ಹತ್ತು ದಿನ ರಜೆ ಹಾಕಿ ಕೂತೆ. ಬೆಳಗ್ಗೆಯಿಂದ ಸಂಜೆವರೆಗೆ ನಾನು, ಮೇಜು, ಆ ಪತ್ರ. ಅವಳಿಗೆ ಕೋಪ ಅಂತ ಬರೆದೆ, ಹೊಡೆದುಹಾಕಿದೆ. ಭಯ ಅಂತ ಬರೆದೆ, ಅದೂ ಸುಳ್ಳು ಅನ್ನಿಸಿತು. ದಿನ ಕಳೆದಂತೆ ಕಥೆಗಿಂತ ಉಳಿದ ರಜೆಯ ಲೆಕ್ಕವೇ ತಲೆಯಲ್ಲಿ ಜಾಸ್ತಿಯಾಯಿತು. ಕೊನೆಗೆ ಕಥೆಯೂ ಆಗಲಿಲ್ಲ, ವಿಶ್ರಾಂತಿಯೂ ಸಿಗಲಿಲ್ಲ, ಅದರ ಬೇಸರ ಎಷ್ಟೋ ದಿನ ಹೋಗಲಿಲ್ಲ.

ಕೆಲಸಕ್ಕೆ ಮರಳಿ ಒಂದು ವಾರವಾಗಿರಬೇಕು. ಪಕ್ಕದಲ್ಲಿ ಕೂರುವವರೊಬ್ಬರಿಗೆ ಯಾವುದೋ ಪರೀಕ್ಷೆಯ ಫಲಿತಾಂಶ ಬಂದಿತ್ತು. "ಆಮೇಲೆ ನೋಡ್ತೀನಿ" ಅಂತ ಫೋನನ್ನು ಮಗುಚಿಟ್ಟರು. ಮತ್ತೆ ಎತ್ತಿಕೊಂಡರು, ಮತ್ತೆ ಮಗುಚಿಟ್ಟರು. ಅವರ ಮುಖದಲ್ಲಿ ಭಯ ಇರಲಿಲ್ಲ. ನೋಡಿದ ಮೇಲೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ, ಅಷ್ಟೇ. ನನ್ನ ಕಥೆಯ ಅಕ್ಕ ಆ ಕ್ಷಣಕ್ಕೆ ನನಗೆ ಅರ್ಥವಾದಳು. ಮೇಜಿನ ಮುಂದೆ ಹತ್ತು ದಿನ ಒಬ್ಬಳೇ ಕೂತಾಗ ಇದು ಸಿಗುವ ಹಾಗೇ ಇರಲಿಲ್ಲ, ಯಾಕಂದರೆ ಅಲ್ಲಿ ನನ್ನನ್ನು ಬಿಟ್ಟು ಬೇರೆ ಮನುಷ್ಯರೇ ಇರಲಿಲ್ಲ. ನೀವು ಗಡಿಬಿಡಿ ಅಂತ ಕರೆಯುತ್ತಿರುವ ದಿನಗಳಲ್ಲೇ ನಿಮ್ಮ ಕಾದಂಬರಿಯ ಜನ ಓಡಾಡುತ್ತಿದ್ದಾರೆ.

ಹಾಗಂತ ರಜೆ ದಂಡ ಅಂತ ನಾನು ಹೇಳುತ್ತಿಲ್ಲ. ಫ್ರಾನ್ಸಿನ ಗಣಿತಜ್ಞ ಆನ್ರಿ ಪ್ವಾಂಕರೆ ತಮಗಾದ ಒಂದು ಅನುಭವ ಬರೆದಿದ್ದಾರೆ. ಹದಿನೈದು ದಿನ ಒಂದು ಸಮಸ್ಯೆಯ ಜೊತೆ ಗುದ್ದಾಡಿದ ಅವರು ಆಮೇಲೆ ಪ್ರವಾಸ ಹೊರಟರು, ದಾರಿಯಲ್ಲಿ ಗಣಿತವೇ ಮರೆತುಹೋಯಿತು. ಕುಟಾನ್ಸ್ ಎಂಬ ಊರಿನಲ್ಲಿ ಬಂಡಿ ಹತ್ತಲು ಮೆಟ್ಟಿಲ ಮೇಲೆ ಕಾಲಿಡುವಾಗ ಆ ಕೆಲಸಕ್ಕೆ ಬೇಕಾದ ಮುಖ್ಯ ಎಳೆಯೊಂದು ತಾನಾಗಿ ಹೊಳೆಯಿತು. ಜನ ಈ ಕಥೆ ಹೇಳುವಾಗ ಬಂಡಿಯ ಮೆಟ್ಟಿಲನ್ನು ಮಾತ್ರ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದಕ್ಕೂ ಮುಂಚಿನ ಹದಿನೈದು ದಿನ. ಜೊತೆಗೆ, ಊರಿಗೆ ಮರಳಿದ ಮೇಲೆ ಕೂತು ಅದನ್ನು ಸರಿಯಾಗಿ ಪರೀಕ್ಷಿಸಿದ್ದು. ಮೊದಲೇ ತಲೆಗೆ ಹಾಕಿಕೊಂಡದ್ದು ತಳ ಸೇರಿ ತಿಳಿಯಾಗಲು ರಜೆ ಬೇಕು. ಏನೂ ಹಾಕಿಕೊಳ್ಳದೆ ಹೋದರೆ ತಿಳಿಯಾಗುವುದಾದರೂ ಏನು?

ಅದಕ್ಕೆ ದೂರದ ಬೆಟ್ಟವೋ ಸಮುದ್ರವೋ ಬೇಕು ಅಂತಲೂ ಇಲ್ಲ. 2014ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನಡಿಗೆಯ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಖಾಲಿ ಗೋಡೆಯ ಎದುರು ಟ್ರೆಡ್‌ಮಿಲ್ ಮೇಲೆ ನಡೆದಾಗಲೂ ಜನರಿಗೆ ಕೂತಿದ್ದಾಗ ಬರುವುದಕ್ಕಿಂತ ಜಾಸ್ತಿ ಹೊಸ ಯೋಚನೆಗಳು ಬಂದವು. ಒಂದೇ ಸರಿ ಉತ್ತರ ಇರುವ ಪ್ರಶ್ನೆಗಳಿಗೆ ಮಾತ್ರ ಈ ಲಾಭ ಕಾಣಲಿಲ್ಲ. ನನಗೂ ಹಾಗೇ ಆಗುತ್ತದೆ. ಮುಂದೆ ಏನಾಗಬಹುದು ಅನ್ನುವುದು ನಡೆಯುವಾಗ ಹೊಳೆಯುತ್ತದೆ, ವಾಕ್ಯ ತಿದ್ದುವ ಕೆಲಸಕ್ಕೆ ಕೂರಲೇಬೇಕು.

ಕೂರುವುದು ಅಂದಾಗ ನೆನಪಾಗುವವರು ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್. ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬರೆದವರು. ಬೆಳಗ್ಗೆ 5.30ಕ್ಕೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದರು. ಒಟ್ಟು 47 ಕಾದಂಬರಿ. ನನ್ನಿಂದ ಆ ವೇಗ ಸಾಧ್ಯವಿಲ್ಲ, ನಿಮಗೂ ಅದು ಬೇಕಿಲ್ಲ. ನಾನು ಬೆಳಗ್ಗೆ ಫೋನ್ ಮುಟ್ಟುವ ಮುಂಚೆ ಅರ್ಧ ಗಂಟೆ ಕೂರುತ್ತೇನೆ. ಕೆಲವು ದಿನ ಮೂರೇ ಸಾಲು ಆಗುತ್ತದೆ. ಆದರೂ ಕಥೆ ತಲೆಯಲ್ಲಿ ಹಸಿಯಾಗಿ ಉಳಿಯುತ್ತದೆ, ಇಡೀ ದಿನ ಕಿವಿ ತೆರೆದಿರುತ್ತದೆ. ಪಕ್ಕದವರು ಫೋನ್ ಮಗುಚಿಟ್ಟದ್ದು ನನ್ನ ಕಣ್ಣಿಗೆ ಬಿದ್ದದ್ದೂ ಅದಕ್ಕೇ ಇರಬೇಕು.

ಹಾಗಾಗಿ ರಜೆಗೆ ಎರಡು ವಾರ ಮುಂಚೆಯೇ ಹಸ್ತಪ್ರತಿಯನ್ನು ಹೊರಗೆ ತೆಗೆಯಿರಿ. ದಿನಾ ಸ್ವಲ್ಪ ಓದಿ. ಎಲ್ಲಿ ನಿಂತಿದೆ ಅನ್ನುವುದನ್ನು ಒಂದೇ ಪ್ರಶ್ನೆಯಾಗಿ ಬರೆದುಕೊಳ್ಳಿ. "ಕಾದಂಬರಿ ಮುಂದೆ ಹೋಗುತ್ತಿಲ್ಲ" ಅಂತ ಬರೆದರೆ ಸಾಲದು, "ಇವಳು ಈ ಪತ್ರವನ್ನು ಯಾಕೆ ಒಡೆಯುತ್ತಿಲ್ಲ" ಅನ್ನುವಷ್ಟು ಖಚಿತವಾಗಿರಬೇಕು. ಆಮೇಲೆ ರಜೆಗೆ ಹೋಗಿ, ಲ್ಯಾಪ್‌ಟಾಪ್ ಮನೆಯಲ್ಲೇ ಇರಲಿ. ಮನೆಯವರ ಜೊತೆ ಸುಮ್ನೆ ಇರಿ, ನಿದ್ದೆ ಮಾಡಿ, ತುಂಬಾ ನಡೆಯಿರಿ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಮತ್ತು ಪೆನ್ನು ಮಾತ್ರ ಇಟ್ಟುಕೊಳ್ಳಿ. ಮರಳಿ ಬಂದ ಮಾರನೇ ದಿನ ಬೆಳಗ್ಗೆಯೇ ಬರೆಯಲು ಕೂರಿ, ಆ ವಾರ ದಾಟಲು ಬಿಡಬೇಡಿ.