ಉತ್ತರ ದಿಕ್ಕಿನ ಬಾಲ್ಕನಿಗೆ ಯಾವ ಗಿಡ ತರಲಿ?

ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್, ಬಾಲ್ಕನಿ ಉತ್ತರಕ್ಕೆ, ತಂದ ತುಳಸಿ ಎರಡು ಸಲ ಒಣಗಿತು, ಇನ್ನು ಏನು ಬೆಳೆಸಲಿ ಅಂತ ಕೇಳಿದ್ದೀರಿ. ನಿಮ್ಮ ಕೈಗುಣದ ತಪ್ಪಲ್ಲ ಅದು. ತುಳಸಿಗೆ ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು.

ನನ್ನದೂ ಉತ್ತರದ ಬಾಲ್ಕನಿಯೇ. ಮೊದಲ ವರ್ಷ ಮೇ ತಿಂಗಳಲ್ಲಿ ತುಳಸಿ ತಂದಿದ್ದೆ. ಮಳೆಗಾಲ ಪೂರ್ತಿ ಚೆನ್ನಾಗಿತ್ತು, ದೀಪಾವಳಿ ಹೊತ್ತಿಗೆ ಬರೀ ಕಡ್ಡಿ. ಕಾರಣ ಆಮೇಲೆ ತಿಳಿಯಿತು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ, ಹಾಗಾಗಿ ನಮ್ಮ ಬಾಲ್ಕನಿಗೂ ಒಂದಿಷ್ಟು ಬಿಸಿಲು ಬೀಳುತ್ತದೆ. ಸೆಪ್ಟೆಂಬರ್ ಮುಗಿದ ಮೇಲೆ ಮಾರ್ಚ್‌ವರೆಗೆ ಬರೀ ಬೆಳಕು, ಬಿಸಿಲಿಲ್ಲ. ಆ ಆರು ತಿಂಗಳು ಬದುಕುವ ಗಿಡವನ್ನೇ ನಾವು ಆರಿಸಬೇಕು.

ನರ್ಸರಿಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಮಧ್ಯಾಹ್ನ ಹನ್ನೆರಡಕ್ಕೆ ಗಿಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಒಂದು ಗೇಣು ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಮಸುಕಾಗಿ ಕಂಡರೂ ಸಾಕು, ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಝಡ್‌ಝಡ್ (ZZ) ಪ್ಲಾಂಟ್, ಸ್ಪೈಡರ್ ಪ್ಲಾಂಟ್ ಎಲ್ಲವೂ ಬರುತ್ತವೆ. ನೆರಳೇ ಕಾಣದಿದ್ದರೆ ಅಲ್ಲಿ ಗಿಡ ಬೇಡ. ಅಡುಗೆಗೂ ಆಗಬೇಕು ಅಂದರೆ ಒಂದೆಲಗ ಹಾಕಿ. ಅರೆನೆರಳು, ತೇವದ ಮಣ್ಣು ಅದಕ್ಕೆ ಇಷ್ಟ. ಅಗಲ ಕುಂಡದಲ್ಲಿ ಹಬ್ಬಿಕೊಂಡರೆ ವಾರಕ್ಕೊಮ್ಮೆ ತಂಬುಳಿಗೆ ಸಿಗುತ್ತದೆ.

ಮನೆಯಲ್ಲಿ ಅಂಬೆಗಾಲಿಡುವ ಮಗು ಅಥವಾ ಬೆಕ್ಕು ಇದೆಯಾ? ಹಾಗಿದ್ದರೆ ಮನಿ ಪ್ಲಾಂಟ್, ಝಡ್‌ಝಡ್ ಕೈಗೆ ಸಿಗದ ಎತ್ತರದಲ್ಲಿರಲಿ. ಎಲೆ ಕಚ್ಚಿದರೆ ಬಾಯಿ, ಗಂಟಲು ಉರಿಯುತ್ತದೆ. ಸ್ಪೈಡರ್ ಪ್ಲಾಂಟ್‌ಗೆ ಆ ಭಯ ಇಲ್ಲ. ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಅಂತ ನರ್ಸರಿಯಲ್ಲಿ ಹೇಳಬಹುದು. ಆ ಮಾತು ಹುಟ್ಟಿದ್ದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ 1989ರ ಪ್ರಯೋಗದಿಂದ, ಆದರೆ ಅದನ್ನು ಮಾಡಿದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ಮನೆಗೆ ಕಿಟಕಿ ತೆರೆಯುವುದೇ ಜಾಸ್ತಿ ಉಪಯೋಗ.

ಬೆಳಕು ಕಡಿಮೆ ಇದ್ದಲ್ಲಿ ಮಣ್ಣು ಬೇಗ ಒಣಗುವುದಿಲ್ಲ. ಇದು ಗೊತ್ತಿಲ್ಲದೆ ನಾನು ಝಡ್‌ಝಡ್‌ಗೆ ದಿನಾ ಒಂದು ಲೋಟ ನೀರು ಹಾಕುತ್ತಿದ್ದೆ. ಎಲೆ ಹಳದಿಯಾದಾಗ ನೀರು ಸಾಲದೇನೋ ಅಂತ ಇನ್ನೂ ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬುಡದ ಗೆಡ್ಡೆಗಳು ಕೊಳೆತ ಆಲೂಗಡ್ಡೆಯ ಹಾಗೆ ಮೆತ್ತಗಾಗಿ ನಾರುತ್ತಿದ್ದವು. ಆ ಗೆಡ್ಡೆಯಲ್ಲೇ ಗಿಡ ನೀರು ಕೂಡಿಟ್ಟುಕೊಂಡಿರುತ್ತದೆ, ಹದಿನೈದು ದಿನಕ್ಕೊಮ್ಮೆ ಹಾಕಿದರೂ ಸಾಕು. ಒಂದೆಲಗ ಬಿಟ್ಟು ಉಳಿದವಕ್ಕೆ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಮರೆಯದೆ ಚೆಲ್ಲಿ, ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಅಂಥ ಕಡೆಯೇ. ಕುಂಡಕ್ಕೆ ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಬೆರೆಸಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ.

ಮೊದಲಿಗೆ ಎರಡೇ ಗಿಡ ತನ್ನಿ. ಅವು ಹೊಸ ಎಲೆ ಬಿಟ್ಟ ಮೇಲೆ ಮೂರನೆಯದು.

ತುಳಸಿ ಬೇಕೇ ಬೇಕು ಅನ್ನಿಸಿದರೆ ಅಸೋಸಿಯೇಷನ್‌ನವರನ್ನು ಕೇಳಿ ಟೆರೇಸಿನಲ್ಲಿ ಒಂದು ಕುಂಡಕ್ಕೆ ಜಾಗ ಮಾಡಿಸಿಕೊಳ್ಳಿ. ನನ್ನದು ಈಗ ಅಲ್ಲೇ ಇದೆ. ಬೆಳಗ್ಗೆ ಕಾಫಿಗೆ ಮುಂಚೆ ಚೊಂಬು ಹಿಡಿದು ಮೇಲೆ ಹೋಗುತ್ತೇನೆ.