ನಾಟಕದಲ್ಲಿ ದೀಪ ಆರಿದಾಗ ಕತ್ತಲಲ್ಲೇ ಮೇಜು ಕುರ್ಚಿಗಳನ್ನು ಸರಿಯಾದ ಜಾಗದಲ್ಲಿ ಹೇಗೆ ಇಡುತ್ತಾರೆ?

ನೆಲಕ್ಕೆ ಮೊದಲೇ ಅಂಟಿಸಿದ ಟೇಪ್ ಗುರುತು ನೋಡಿಕೊಂಡು ಇಡುತ್ತಾರೆ. ಅದನ್ನು ನೋಡಲು ಅವರ ಕಣ್ಣು ದೀಪ ಆರುವ ಮೊದಲೇ ಕತ್ತಲಿಗೆ ಹೊಂದಿಕೊಂಡಿರಬೇಕು.

ಈ ಕಣ್ಣಿನ ವಿಷಯವೇ ಮುಖ್ಯ. ಬೆಳಕಿನಿಂದ ಬಂದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅದು ಹಾಳಾಗಲು ಮಾತ್ರ ಕೆಲವೇ ಕ್ಷಣ ಸಾಕು. ಶಿರಸಿಯ ಮಾರಿಕಾಂಬಾ ಜಾತ್ರೆಯ ಝಗಮಗ ಬೀದಿಯಿಂದ ನಾಟಕದ ಟೆಂಟಿನೊಳಗೆ ಕಾಲಿಟ್ಟರೆ ಕುರ್ಚಿ ಸಾಲು ಕಾಣುವುದಿಲ್ಲ, ಅಲ್ವಾ? ಅದೇ ಕಾರಣ. ಹಾಗಾಗಿ ಸೈಡ್‌ವಿಂಗಿನಲ್ಲಿ (ರಂಗದ ಪಕ್ಕದ ಮರೆಯಲ್ಲಿ) ಮಂದ ನೀಲಿ ಬಲ್ಬ್ ಮಾತ್ರ ಇಡುತ್ತಾರೆ. ಅಲ್ಲಿ ನಿಂತವರು ಸುಮ್ನೆ ಒಮ್ಮೆ ಮೊಬೈಲ್ ತೆರೆದರೂ ಮುಂದಿನ ದೃಶ್ಯಕ್ಕೆ ಕುರುಡರಾದ ಹಾಗೆಯೇ. ದಯವಿಟ್ಟು ತೆರೆಯಬೇಡಿ. ಮುಂದೆ ಓಡಿ ಬರುವ ನಟನ ಕಾಲು ನೀವು ತಪ್ಪಿಟ್ಟ ಕುರ್ಚಿಗೇ ತಾಗುತ್ತದೆ.

ಗುರುತನ್ನು ಸಾಮಾನ್ಯವಾಗಿ ಮೇಜಿನ ಹಿಂದಿನ ಎರಡು ಕಾಲುಗಳ ಮೂಲೆಗೆ ಮಾತ್ರ ಹಾಕುತ್ತಾರೆ. ಎರಡು ಮೂಲೆ ಸಿಕ್ಕರೆ ಮೇಜಿನ ಜಾಗವೂ ಸಿಕ್ಕಿತು, ದಿಕ್ಕೂ ಸಿಕ್ಕಿತು. ಪ್ರೇಕ್ಷಕರ ಕಣ್ಣಿಗೂ ಜಾಸ್ತಿ ಬೀಳುವುದಿಲ್ಲ. ಪೂರ್ತಿ ಕತ್ತಲಾಗುವ ಕಡೆ ಹೊಳೆಯುವ ಟೇಪಿನ ಚೂರು ಬೇಕು. ಅದು ಬೆಳಕನ್ನು ಕುಡಿದು ಆಮೇಲೆ ಹೊಳೆಯುತ್ತದೆ, ಆದ್ದರಿಂದ ಅದರ ಮೇಲೆ ಮೊದಲು ಬೆಳಕು ಬಿದ್ದಿರಬೇಕು.

ಕಾರವಾರದ ಕಡೆ ಮಳೆಗಾಲದಲ್ಲಿ ನೆಲ ತೇವ ಹಿಡಿದು ಟೇಪಿನ ತುದಿ ಏಳುತ್ತದೆ. ನೆಲ ಒರೆಸಿ, ಒಣಗಿಸಿ ಅಂಟಿಸಿ. ಪರದೆ ಏಳುವ ಮೊದಲು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ.