ಬ್ಲ್ಯಾಕೌಟ್ ಆದ ಪಂದ್ಯದ ಜಾಗದಲ್ಲಿ ಕೇಬಲ್‌ನವರು ಏನು ಬೇಕಾದರೂ ಹಾಕಬಹುದೇ?

ಅಮೆರಿಕದ ಬಗ್ಗೆ ಕೇಳಿದ್ದೀರಿ ಅಂದುಕೊಂಡು ಹೇಳುತ್ತೇನೆ. ಏನು ಬೇಕಾದರೂ ಅಲ್ಲ, ಆದರೆ ಸಾಕಷ್ಟು ಸ್ವಾತಂತ್ರ್ಯವಿತ್ತು.

ಊರಿನ ಕ್ರೀಡಾಂಗಣದ ಟಿಕೆಟ್ ಪೂರ್ತಿ ಖರ್ಚಾಗದಿದ್ದರೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಆ ಪಂದ್ಯವನ್ನು ಅದೇ ಊರಿನ ಟೀವಿಯಲ್ಲಿ ತೋರಿಸಲು ಬಿಡುತ್ತಿರಲಿಲ್ಲ. ಹೀಗೆ ಟೀವಿಯಲ್ಲಿ ಪಂದ್ಯವನ್ನು ತಡೆಯುವುದೇ ಬ್ಲ್ಯಾಕೌಟ್. ಆದರೆ ಹೊರಊರಿನ ಕೇಂದ್ರದ ಸಿಗ್ನಲ್ ಕೇಬಲ್ ಮೂಲಕ ಒಳಗೆ ಬರುತ್ತಿತ್ತಲ್ಲ! ಆ ಕಿಂಡಿ ಮುಚ್ಚಲು 1975ರಲ್ಲಿ ಸಂವಹನ ನಿಯಂತ್ರಕ ಎಫ್‌ಸಿಸಿ ನಿಯಮ ತಂದಿತು: ಹಕ್ಕುದಾರರು ಮೊದಲೇ ನೋಟಿಸ್ ಕೊಟ್ಟರೆ ಕೇಬಲ್‌ನವರು ಆ ಪಂದ್ಯವನ್ನು ತೆಗೆಯಲೇಬೇಕು. ಖಾಲಿಯಾದ ಹೊತ್ತಿಗೆ ಬೇರೆ ಯಾವುದೇ ಪ್ರಸಾರ ಕೇಂದ್ರದ ಕಾರ್ಯಕ್ರಮ ಹಾಕಬಹುದಿತ್ತು. ಇದರಲ್ಲೊಂದು ಒಳ್ಳೆಯ ಅಂಶವಿತ್ತು. ಬದಲಿಗೆ ಹಾಕಿದ ಸಿನಿಮಾ ಪಂದ್ಯಕ್ಕಿಂತ ಉದ್ದವಾದರೂ ಕೊನೆವರೆಗೆ ತೋರಿಸಲು ಅನುಮತಿಯಿತ್ತು, ಕ್ಲೈಮ್ಯಾಕ್ಸ್‌ನಲ್ಲಿ ಕತ್ತರಿಸಬೇಕಿರಲಿಲ್ಲ.

2014ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಸಿ ಈ ನಿಯಮ ರದ್ದು ಮಾಡಿತು. ಲೀಗ್‌ಗಳ ಮುಖ್ಯ ಆದಾಯ ಟಿಕೆಟ್‌ನಿಂದ ಟೀವಿ ಹಕ್ಕಿಗೆ ಸರಿದಿತ್ತು, ಸರ್ಕಾರ ಕಾವಲು ನಿಲ್ಲುವ ಅಗತ್ಯ ನನಗಂತೂ ಕಾಣುವುದಿಲ್ಲ. ಬೇಸ್‌ಬಾಲ್‌ನಲ್ಲಿ ಈಗಲೂ ಬ್ಲ್ಯಾಕೌಟ್ ಇದೆ, ಆದರೆ ಅದು ಖಾಸಗಿ ಒಪ್ಪಂದದ ಬಲದಿಂದ.

ನಮ್ಮಲ್ಲಿ ಕಾರಣವೇ ಬೇರೆ. ದೂರದರ್ಶನಕ್ಕೆ ಕಡ್ಡಾಯವಾಗಿ ಹಂಚಿದ ಪಂದ್ಯದ ಸಿಗ್ನಲ್ ಪ್ರಸಾರ ಭಾರತಿಯ ಸ್ವಂತ ಭೂಪ್ರಸಾರ ಮತ್ತು ಡಿಟಿಎಚ್‌ಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಖಾಸಗಿ ಕೇಬಲ್‌ನಲ್ಲಿ ಡಿಡಿ ಹಾಕಿದಾಗ ಕ್ರಿಕೆಟ್ ಬದಲು ಬೇರೇನೋ ಕಾಣುವುದು ಅದಕ್ಕೇ.